ಬಾಳೆಗೊನೆ ಆ ಕಡೆ ಇರಲಿ

ಹೊಳೆಯ ಆಚೆ ದಂಡೆಯಲ್ಲಿ ಚನ್ನಯ್ಯಜ್ಜನವರ ಆಶ್ರಮವಿತ್ತು. ಅಲ್ಲಿ ಊಟಕ್ಕೆ ಒಂದೇ ಸಾಲು. ಬಂದವರು ಬಂದಂತೆ ಕೂರಬೇಕು. ಜಾತಿ ಕೇಳುವಂತಿಲ್ಲ, ಊರು ಕೇಳುವಂತಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಉಣ್ಣುವವನು ತನ್ನ ಎಲೆಯನ್ನು ನೋಡಿಕೊಳ್ಳಬೇಕು. ಪಕ್ಕದವರ ಎಲೆಯ ಮೇಲೆ ಕಣ್ಣು ಹಾಯಿಸಬಾರದು.

ಹುಲುಗಪ್ಪ ಅಲ್ಲಿಗೆ ಬಂದದ್ದು ವೇದಾಂತ ಕಲಿಯುವುದಕ್ಕಲ್ಲ, ಆ ಸಾಲಿಗಾಗಿ. ಅವನ ಊರಿನಲ್ಲಿ ಮದುವೆಯಿರಲಿ, ತಿಥಿಯಿರಲಿ, ಉಳಿದವರ ಊಟ ಮುಗಿಯುವ ತನಕ ಅವನ ಮನೆಯವರು ಕೊಟ್ಟಿಗೆಯ ಹಿಂದೆ ಕಾಯಬೇಕಾಗಿತ್ತು. ‘ನೀವು ಆ ಕಡೆ ಕೂಡ್ರಿ’ ಎಂಬ ಮಾತನ್ನು ಅವನು ತನ್ನ ಹೆಸರಿಗಿಂತ ಮೊದಲು ಕಲಿತಿದ್ದ.

ಅಜ್ಜನವರ ಸಾಲಿನಲ್ಲಿ ಒಮ್ಮೆ ಕೂತು ಉಂಡ ಮೇಲೆ ಅವನು ಊರಿಗೆ ಹಿಂತಿರುಗಲಿಲ್ಲ.

ಮಳೆಗಾಲ ಹತ್ತಿರವಾಯಿತು. ಹೊಳೆ ತುಂಬಿದರೆ ಹರಿಗೋಲು ನಿಲ್ಲುತ್ತದೆ. ನೀರು ಇಳಿಯುವ ತನಕ ಉಗ್ರಾಣದಲ್ಲಿ ಇದ್ದದ್ದೇ ಊಟ. ಅದಕ್ಕಾಗಿ ಭಕ್ತರು ತಮ್ಮ ತಮ್ಮ ಹಿತ್ತಲು ಹೊಲಗಳಿಂದ ಕಾಯಿಪಲ್ಲೆ, ಹಣ್ಣು ತಂದು ಒಪ್ಪಿಸುತ್ತಿದ್ದರು. ಆ ವರ್ಷ ಅಜ್ಜನವರು ಉಗ್ರಾಣವನ್ನು ಹುಲುಗಪ್ಪನಿಗೆ ವಹಿಸಿದರು. ಹೀಗೆ ಮಾಡು, ಹಾಗೆ ಮಾಡು ಎಂದು ಏನನ್ನೂ ಹೇಳಲಿಲ್ಲ.

ಹೇಳುವ ಅಗತ್ಯವೂ ಇಲ್ಲವೆಂದು ಹುಲುಗಪ್ಪನಿಗೆ ಅನ್ನಿಸಿತು. ಈ ಜಾಗದ ಧರ್ಮ ಅವನಿಗೆ ಗೊತ್ತಿತ್ತು. ನೆಲ ಸಾರಿಸಿ, ಉದ್ದಕ್ಕೆ ಒಂದೇ ಚಾಪೆ ಹಾಸಿದ. ಗೌಡರ ತೋಟದ ಬಾಳೆಗೊನೆಯ ಮಗ್ಗುಲಿಗೆ ಕೂಲಿಯ ಹೆಂಗಸು ತಂದ ಕೊತ್ತಂಬರಿ ಕಟ್ಟು. ಅದಕ್ಕೆ ಒತ್ತಿಕೊಂಡು ಸೌತೆಕಾಯಿ, ಈರುಳ್ಳಿ, ಆಲೂಗಡ್ಡೆ, ಮಾವು, ಶುಂಠಿ. ಎಲ್ಲವನ್ನೂ ಒಂದೇ ನೀರಿನಲ್ಲಿ ತೊಳೆದು, ಒಂದೇ ಬಟ್ಟೆ ಹೊದಿಸಿದ. ಮೇಲು ಕೀಳು ಯಾವುದೂ ಇಲ್ಲ. ಬಾಗಿಲಲ್ಲಿ ನಿಂತು ನೋಡಿದಾಗ ಅವನ ಎದೆ ತುಂಬಿ ಬಂತು.

ಕೆಲವು ದಿನ ಕಳೆದ ಮೇಲೆ ಅಡುಗೆಯ ಶಿವಗಂಗವ್ವ ಬಟ್ಟೆ ಎತ್ತಿ, ಮೂಗಿಗೆ ಸೆರಗು ಹಿಡಿದಳು.

“ಎಲ್ಲಾರಿಗೂ ಒಂದ ಹಂದರದಾಗ ಲಗ್ನ ಮಾಡಿದೆಪಾ ಹುಲುಗಪ್ಪಾ. ಎಲ್ಲಾರೂ ಕೂಡೇ ಸತ್ತರು.”

ಕೊತ್ತಂಬರಿ ಕಪ್ಪಾಗಿ ಕರಗಿತ್ತು. ಹಣ್ಣಾದ ಬಾಳೆಗೊನೆಯ ಹತ್ತಿರವಿದ್ದ ಸೌತೆಕಾಯಿ ಹಳದಿಗೆ ತಿರುಗಿತ್ತು. ಆಲೂಗಡ್ಡೆಗಳು ಮೊಳಕೆಯೊಡೆದಿದ್ದವು. ಮಾವುಗಳು ಒತ್ತಿಕೊಂಡ ಜಾಗದಲ್ಲಿ ಕೊಳೆತಿದ್ದವು.

ಹುಲುಗಪ್ಪನಿಗೆ ತಪ್ಪು ಎಲ್ಲಿ ಆಯಿತೆಂದು ಹೊಳೆಯಲಿಲ್ಲ. ತಾನು ಯಾರಿಗೂ ಕಡಿಮೆ ಮಾಡಿರಲಿಲ್ಲ.

ಹಾಳಾದದ್ದು ತಿಪ್ಪೆಗೆ ಹೋಯಿತು. ಸುದ್ದಿ ತಿಳಿದ ಭಕ್ತರು ಮತ್ತೊಮ್ಮೆ ತಂದು ಕೊಟ್ಟರು. ಈ ಸಲ ಅಜ್ಜನವರೇ ಉಗ್ರಾಣಕ್ಕೆ ಬಂದರು. ಬೈಯಲಿಲ್ಲ. ಸೊಂಟಕ್ಕೆ ಪಂಚೆ ಬಿಗಿದು, ಒಂದೊಂದನ್ನೇ ಕೈಗೆತ್ತಿಕೊಂಡು ಬೇರೆ ಮಾಡತೊಡಗಿದರು.

ಈರುಳ್ಳಿಯನ್ನು ಬಲೆಯ ಚೀಲದಲ್ಲಿ ತುಂಬಿ ಗಾಳಿಯಾಡುವ ತೊಲೆಗೆ ಕಟ್ಟಿಸಿದರು. ಆಲೂಗಡ್ಡೆಯನ್ನು ಅದರಿಂದ ದೂರ, ಕತ್ತಲೆಯ ಮೂಲೆಯಲ್ಲಿ ಗೋಣಿಯ ಕೆಳಗೆ ಹಾಕಿಸಿದರು. ಮಾವನ್ನು ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿಸಿದರು. ಶುಂಠಿಯನ್ನು ಹಸಿ ಮರಳಿನಲ್ಲಿ ಹೂಳಿದರು.

ಹುಲುಗಪ್ಪ ಇವನ್ನೆಲ್ಲ ತೊಳೆಯಬೇಕೇ ಎಂದು ಕೇಳಿದ. ಬೇಡ, ಹೆಚ್ಚುವ ಹೊತ್ತಿಗೆ ತೊಳೆದರೆ ಸಾಕು, ಈಗ ನೀರು ತಾಗಿದರೆ ಕೊಳೆಯುತ್ತವೆ ಎಂದರು. ಹಾಗೆ ಹೇಳುತ್ತಲೇ ಕೊತ್ತಂಬರಿಯ ಬೇರನ್ನು ತಂಬಿಗೆಯ ನೀರಿನಲ್ಲಿ ಇಳಿಬಿಟ್ಟರು.

“ಅಜ್ಜಾರ, ನೀರು ಬೇಕೋ, ಬ್ಯಾಡೋ?”

“ಬೇಕು. ಬ್ಯಾಡ.”

ಹುಲುಗಪ್ಪ ಮುಚ್ಚಿಡುವುದೋ ತೆರೆದಿಡುವುದೋ ಅದನ್ನಾದರೂ ಹೇಳಿರೆಂದು ಕೇಳಿದ. ಸೊಪ್ಪಿಗೆ ಒದ್ದೆ ಬಟ್ಟೆ ಹೊದಿಸುತ್ತ, ಕುಂಬಳಕಾಯಿಯ ಮೇಲಿನ ಬಟ್ಟೆ ತೆಗೆಯುತ್ತ, ಅಜ್ಜನವರು ಹೌದೆಂದು ತಲೆಯಾಡಿಸಿದರು.

“ಒಂದು ನೇಮ ಹೇಳ್ರಿ. ಎಲ್ಲಾಕ್ಕೂ ಆಗೋವಂಥದ್ದು. ಹಂಗ ಮಾಡಿಬಿಡ್ತೀನಿ.”

“ಅಂಥಾದ್ದು ಸಿಕ್ಕರ ನನಗೂ ಹೇಳು.”

ಅವನ ತಲೆ ಗೊಜ್ಜಾಯಿತು. ಕೈ ಮಾತ್ರ ಹೇಳಿದ್ದನ್ನು ಮಾಡುತ್ತಿತ್ತು. ಆಗ ಅಜ್ಜನವರು ಹಣ್ಣಾಗತೊಡಗಿದ ಬಾಳೆಗೊನೆಯನ್ನು ಸೌತೆಕಾಯಿಯ ಪಕ್ಕದಿಂದ ಎತ್ತಿ ಅವನ ಕೈಗೆ ಕೊಟ್ಟರು.

“ಇದು ಆ ಕಡೆ ಇರಲಿ. ಇವುಗಳ ಹತ್ತಿರ ಬ್ಯಾಡ.”

ಹುಲುಗಪ್ಪ ಗೊನೆಯನ್ನು ಹಿಡಿದು ಹಾಗೆಯೇ ನಿಂತ. ಅವನ ಕಿವಿ ಬಿಸಿಯಾಯಿತು.

“ಇಲ್ಲಿನೂ ಆ ಕಡೆ ಅನ್ನೋದು ಐತೇನ್ರಿ, ಅಜ್ಜಾರ?”

“ಐತಿ,” ಎಂದರು ಅಜ್ಜನವರು. ಕಿಟಕಿಯ ಬಳಿಯ ಗೂಟವನ್ನು ತೋರಿಸಿ ಹೊರಗೆ ಹೋದರು.

ಅವನು ಗೊನೆಯನ್ನು ಗೂಟಕ್ಕೆ ಕಟ್ಟಿದ. ಕಟ್ಟಿ, ಅದರ ಎದುರು ಕುಕ್ಕರಗಾಲಿನಲ್ಲಿ ಕೂತ. ಅದು ಏನು ತಪ್ಪು ಮಾಡಿತ್ತು? ಹಣ್ಣಾದದ್ದು ತಪ್ಪೇ? ಹಾಗಾದರೆ ಮಾವಿಗೆ ಹುಲ್ಲಿನ ಹಾಸಿಗೆ ಯಾಕೆ? ಯಾವುದು ಮೇಲು, ಯಾವುದು ಕೀಳು ಎಂದು ಲೆಕ್ಕ ಹಾಕಲು ನೋಡಿದ. ಎಷ್ಟೋ ಮಠಗಳು ಒಳಗೆ ಬಿಟ್ಟುಕೊಳ್ಳದ ಈರುಳ್ಳಿ ಇಲ್ಲಿ ತೊಲೆಯ ಮೇಲೆ ತೂಗುತ್ತಿತ್ತು. ಪೂಜೆಗೆ ಸಲ್ಲುವ ಕುಂಬಳ ನೆಲದಲ್ಲಿತ್ತು. ಗೌಡರ ಬಾಳೆ ಹೊರಗಿನವರಂತೆ ಕಿಟಕಿಯ ಬಳಿ. ಲೆಕ್ಕ ಹತ್ತಲಿಲ್ಲ.

ಆದರೂ ಆ ಮಾತು ಕಿವಿಯಿಂದ ಹೋಗಲಿಲ್ಲ. ತರಕಾರಿಗೆ ಹೇಳುವವರು ನಾಳೆ ಮನುಷ್ಯರಿಗೆ ಹೇಳಲಾರರೆಂದು ನಂಬುವುದು ಹೇಗೆ?

ಮರುದಿನ ಆಕಾಶ ಕಪ್ಪಗಿತ್ತು. ಮಧ್ಯಾಹ್ನ ಬರುವ ಹರಿಗೋಲೇ ಕಡೆಯದು, ಆಮೇಲೆ ಹೊಳೆ ಇಳಿಯುವ ತನಕ ಬರುವುದಿಲ್ಲವೆಂದು ಅಂಬಿಗ ಹೇಳಿ ಹೋಗಿದ್ದ. ಹುಲುಗಪ್ಪ ತನ್ನ ಅರಿವೆಗಳನ್ನು ಗಂಟು ಕಟ್ಟಿ, ಅಜ್ಜನವರ ಕಾಲಿಗೆ ಬಿದ್ದು, ಹೋಗಿ ಬರುತ್ತೇನೆ ಎಂದ. ಬರುತ್ತೇನೆ ಎಂದದ್ದು ಬಾಯಿಯ ರೂಢಿ, ಬರುವ ಮನಸ್ಸಿರಲಿಲ್ಲ.

ಅಜ್ಜನವರು ತಡೆಯಲಿಲ್ಲ. ಶಿವಗಂಗವ್ವನ ಮೊಣಕಾಲು ಬಾತುಕೊಂಡಿದೆ, ಇವತ್ತೊಂದು ಹೊತ್ತು ಸಾಲಿಗೆ ಬಡಿಸಿ ಹೋಗು ಎಂದಷ್ಟೇ ಹೇಳಿದರು.

ಹುಲುಗಪ್ಪ ಇದುವರೆಗೆ ಕೂತು ಉಂಡಿದ್ದನೇ ಹೊರತು ಎಂದೂ ಬಡಿಸಿರಲಿಲ್ಲ. ರೊಟ್ಟಿಯ ಬುಟ್ಟಿ ಹಿಡಿದು ಸಾಲಿನ ತುದಿಯಿಂದ ಹೊರಟ. ತಲೆಗೊಂದು ರೊಟ್ಟಿ, ಒಂದು ಸೌಟು ಪಲ್ಯ, ಚಿಟಿಕೆ ಖಾರದಪುಡಿ. ಎಲ್ಲರಿಗೂ ಒಂದೇ ಅಳತೆ. ಬಾಳೆಗೊನೆಗೆ ಅನ್ಯಾಯ ಮಾಡಿದವರಿಗೆ ನ್ಯಾಯ ಹೇಗಿರುತ್ತದೆಂದು ತೋರಿಸಿ ಹೋಗುವ ಹಟ ಅವನ ನಡಿಗೆಯಲ್ಲಿತ್ತು.

ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದ ಶಿವಗಂಗವ್ವ ಸಣ್ಣ ದನಿಯಲ್ಲಿ ಕರೆದಳು.

“ಆ ಮುದುಕ ಬರಮಪ್ಪಗ ಬಾಯಾಗ ಒಂದರೆ ಹಲ್ಲು ಐತೇನು? ಆ ರೊಟ್ಟಿ ಅವ ಏನು ತಲಿಮ್ಯಾಲೆ ಇಟ್ಕೊಬೇಕೇನು? ಹಾಲಿನಾಗ ನೆನಸಿದ್ದು ಗಂಗಾಳದಾಗ ಐತಿ, ನೋಡು.”

ಅವನು ರೊಟ್ಟಿ ಹಿಂದಕ್ಕೆ ತೆಗೆದು ಗಂಗಾಳ ತಂದ. ಅಷ್ಟರಲ್ಲಿ ಮತ್ತೆ ಕರೆ. ಆ ಮೂಲೆಯವನಿಗೆ ಹೊಟ್ಟೆಯುರಿ, ಖಾರ ಹಾಕಬಾರದು. ಜ್ವರ ಬಿಟ್ಟವನಿಗೆ ಗಂಜಿ. ಕೂಸಿನ ತಾಯಿಗೆ ಬಡಿಸುವಾಗ ಕೈ ಬಿಗಿ ಹಿಡಿಯಬಾರದು, ಅವಳು ಇಬ್ಬರಿಗಾಗಿ ಉಣ್ಣುವವಳು.

ಹುಲುಗಪ್ಪ ಬುಟ್ಟಿ ಹಿಡಿದು ನಡುವೆ ನಿಂತ. ಮೊದಲ ಸಲ ಅವನು ಸಾಲಿನ ಎಲೆಗಳನ್ನು ನೋಡಿದ. ಒಂದರಂತೆ ಒಂದಿರಲಿಲ್ಲ. ಯಾರೂ ಪಕ್ಕಕ್ಕೆ ನೋಡುತ್ತಿರಲಿಲ್ಲ.

ಅವನು ಹೊಸ್ತಿಲಿಗೆ ಹೋಗಿ, ದಿನವೂ ಹೀಗೆಯೇ ಏನು ಎಂದು ಶಿವಗಂಗವ್ವನನ್ನು ಕೇಳಿದ. ನೀನು ಬರುವುದಕ್ಕಿಂತ ಮೊದಲಿನಿಂದಲೂ ಹೀಗೆಯೇ ಎಂದಳು.

“ನನಗ ಏನು ಬ್ಯಾರೆ ಬಡಸ್ತಿದ್ದಿ?”

“ನಿನಗೇನು ಧಾಡಿ? ಕಲ್ಲು ಕೊಟ್ಟರೂ ಕರಗಸ್ತೀ.” ಅವಳು ಮೊಣಕಾಲು ನೀವಿಕೊಂಡಳು. “ನೀ ಸಾಲಿನಾಗ ಎಲ್ಲೇ ಕುಂತಿರು, ಮೊದಲನೇ ರೊಟ್ಟಿ ನಿನಗ ಹಾಕಬೇಕು, ಆಮ್ಯಾಲೆ ತುದಿಯಿಂದ ಸುರು ಮಾಡಬೇಕು. ನೀ ಬಂದ ದಿನಾ ಅಜ್ಜಾರು ಹಂಗಂತ ಹೇಳ್ಯಾರ. ನಡು ಸಾಲಿಗೆ ಬಂದು ನಿನಗ ಹಾಕಿ, ಹೊಳ್ಳಿ ತುದಿಗೆ ಹೋಗಿ, ಈ ಕಾಲು ಹಿಂಗಾತು.”

ಹುಲುಗಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಕಾಲ ತಾನು ಸರಿಸಮನಾಗಿ ಕೂತಿದ್ದೇನೆಂದು ನಂಬಿದ್ದ. ಸಮನಾಗಿರಲಿಲ್ಲ. ಕೋಪ ಬರಬೇಕಾಗಿತ್ತು, ಬರಲಿಲ್ಲ. ಬಂದದ್ದು ಏನೆಂದು ಅವನಿಗೆ ಗೊತ್ತಾಗಲಿಲ್ಲ.

ಹೊಳೆಯ ಕಡೆಯಿಂದ ಅಂಬಿಗ ಕೂಗಿದ. ಬರುವವರು ಬೇಗ ಬರಬೇಕು, ನೀರು ಏರುತ್ತಿದೆ.

ಜ್ವರದವನ ಎಲೆಯಲ್ಲಿ ಗಂಜಿ ಮುಗಿದಿತ್ತು. ಹುಲುಗಪ್ಪ ಅದನ್ನು ನೋಡಿದ, ಬಾಗಿಲನ್ನು ನೋಡಿದ. ಆಮೇಲೆ ಹೊರಗೆ ತಲೆ ಹಾಕಿ, ನೀನು ಹೋಗು, ಇಲ್ಲಿ ಊಟ ಇನ್ನೂ ಮುಗಿದಿಲ್ಲ ಎಂದು ಕೂಗಿ ಹೇಳಿದ.

ಗಂಜಿ ಹಾಕಿ, ಸಾಲಿನ ಕೊನೆಗೆ ಬಂದ. ಅಲ್ಲಿ ಅಜ್ಜನವರು ಕೂತಿದ್ದರು. ಅವರ ಎಲೆಗೆ ರೊಟ್ಟಿ ಇಡುತ್ತ ಕೇಳಿದ.

“ಅಜ್ಜಾರ, ಒಬ್ಬೊಬ್ಬರಿಗೆ ಒಂದೊಂದು ಥರಾ ಬಡಿಸೋದಿದ್ದರ, ಎಲ್ಲಾರೂ ಒಂದ ಸಾಲಿನಾಗ ಯಾಕ ಕೂಡಬೇಕು?”

ಅಜ್ಜನವರು ರೊಟ್ಟಿ ಮುರಿದರು.

“ದೂರ ಕುಂತವರ ಎಲಿ ಖಾಲಿ ಆಗಿದ್ದು ಬಡಿಸೋರಿಗೆ ಕಾಣೂದಿಲ್ಲೋ, ತಮ್ಮಾ.”