ತಲೆಕೆಳಗಾದ ಗುರು, ತಲೆಯಾಡಿಸುವ ಶಿಷ್ಯ

ದೇವರು ನಡೆಸಿದ ಹಾಗೆ ಊರು ನಡೆಯುತ್ತಿದ್ದ ಕಾಲ. ಒಂದಾನೊಂದು ಊರಿನ ಹೊರಗೆ ಒಂದು ಅರಳಿಮರ. ಆ ಮರದಲ್ಲಿ ಶೇಷಾವಧಾನಿ ಎಂಬ ಬ್ರಹ್ಮರಾಕ್ಷಸ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದನಂತೆ.

ಬದುಕಿದ್ದಾಗ ಆತ ಮಹಾಪಂಡಿತ. ಪಾಠಕ್ಕೆ ಕೂತವರು ಯಾರಾದರೂ ‘ತಿಳಿಯಲಿಲ್ಲ’ ಅಂದರೆ ಸಾಕು, ಹುಬ್ಬೇರಿಸಿ ಒಂದು ನೋಟ ನೋಡುತ್ತಿದ್ದ. ಕೇಳಿದವನ ಪಂಚೆ ಒದ್ದೆಯಾಗುತ್ತಿತ್ತು. ಸತ್ತು ತಾಯಿ ಶಾರದೆಯ ಮುಂದೆ ನಿಂತಾಗ ಆ ಮಹಾತಾಯಿ ಬೈಯಲಿಲ್ಲ. “ಮಗೂ, ಒಬ್ಬ ಶಿಷ್ಯ ತಾನಾಗಿ ನಿನ್ನ ಮುಂದೆ ‘ತಿಳಿಯಲಿಲ್ಲ’ ಅನ್ನಲಿ. ಸಿಟ್ಟಾಗದೆ ಅವನಿಗೆ ತಿಳಿಸು. ಅಲ್ಲಿಯವರೆಗೆ ಮರದಲ್ಲಿರು, ಅವತ್ತೇ ನನ್ನ ಪಾದಕ್ಕೆ ಬಾ. ಆದರೆ ಆ ಮಾತು ಹೇಳು ಅಂತ ನೀನಾಗಿ ಕೇಳಕೂಡದು” ಅಂದಳಂತೆ.

ಕಾದ, ಕಾದ, ಅರಳಿಮರಕ್ಕೆ ಬಿಳಲು ಬರುವಷ್ಟು ಕಾದ. ಕೊನೆಗೊಂದು ದಿನ ಗಾಣಿಗರ ಸಣ್ಣೀರ ನೆರಳಿಗೆ ಬಂದು ಕೂತ.

“ತರ್ಕಶಾಸ್ತ್ರ ಕಲೀತೀಯೇನೋ?” ಅಂತ ಮರದಿಂದ ದನಿ ಬಂತು.

ಬೇಡ ಅಂದರೆ ತಿಂದುಬಿಟ್ಟೀತು ಅಂತ ಸಣ್ಣೀರ, “ಹೂಂ ಗುರುಗಳೇ” ಅಂದ.

ಪಾಠ ಶುರುವಾಯಿತು. “ಪರ್ವತವು ವಹ್ನಿಮಂತವು, ಧೂಮವಂತವಾದ್ದರಿಂದ. ತಿಳಿಯಿತೇನೋ?”

“ಹೂಂ ಗುರುಗಳೇ.”

ಗುರು ಕಾದಿದ್ದು ಈ ಮಾತಿಗಲ್ಲ. ಮಾರನೆಯ ದಿನ ಇನ್ನೂ ಕಷ್ಟದ್ದು ಹೇಳಿದ. “ಹೂಂ ಗುರುಗಳೇ.” ಅದರ ಮಾರನೆಯ ದಿನ ತನಗೇ ಅರ್ಥವಾಗದ್ದು ಹೇಳಿದ. “ಹೂಂ ಗುರುಗಳೇ.” ಗಾಣದೆತ್ತಿನ ಹಿಂದೆ ಸುತ್ತಿ ಸುತ್ತಿ ಸಣ್ಣೀರನಿಗೆ ನಿದ್ದೆಯಲ್ಲೂ ತಲೆಯಾಡಿಸುವುದು ರೂಢಿ. ಮುಖ ಮಾತ್ರ ಜೋತುಬಿದ್ದಿರುತ್ತಿತ್ತು. ತಲೆಕೆಳಗಾಗಿ ನೋಡುವವನಿಗೆ ಆ ಜೋಲು ಬಾಯಿ ನಗುಬಾಯಿಯ ಹಾಗೆ ಕಾಣುತ್ತಿತ್ತಂತೆ.

‘ಅಮ್ಮಾ ಶಾರದೆ, ಇಷ್ಟು ಬುದ್ಧಿವಂತನನ್ನೇ ಕಳಿಸಬೇಕಿತ್ತೇ?’ ಅಂತ ಶೇಷಾವಧಾನಿ ಒಳಗೊಳಗೇ ಅತ್ತ. ಕಣ್ಣೀರು ಹಣೆಯ ಮೇಲೆ ಹರಿದು ಜುಟ್ಟು ನೆನೆಯಿತು.

ಒಂದು ದಿನವಂತೂ ಪಾಠ ಮುಗಿಯಲೇ ಇಲ್ಲ. ಗುರು ‘ಸಾಕು’ ಅನ್ನದೆ ಶಿಷ್ಯ ಏಳುವ ಹಾಗಿಲ್ಲ. ಶಿಷ್ಯ ‘ತಿಳಿಯಲಿಲ್ಲ’ ಅನ್ನದೆ ಗುರು ಬಿಡುವ ಹಾಗಿಲ್ಲ. ಹೊತ್ತು ನೆತ್ತಿಗೇರಿತು. ಮಗನನ್ನು ಹುಡುಕಿಕೊಂಡು ತಾಯಿ ಪುಟ್ಟೀರಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

“ಎತ್ತು ಅಲ್ಲಿ ಬಾಯಾಡಿಸ್ತಾ ನಿಂತದೆ, ನೀನಿಲ್ಲಿ ತಲೆಯಾಡಿಸ್ತಾ ಕೂತಿದ್ದೀಯ. ಏನು ಕಲಿತೆ, ಹೇಳು?”

ಸಣ್ಣೀರ ಅವಳ ಕಿವಿಯಲ್ಲಿ ಪಿಸುಗುಟ್ಟಿದ. “ಒಂದಕ್ಷರಾನೂ ತಿಳೀಲಿಲ್ಲ ಕಣವ್ವ.”

ಮರದ ಮೇಲೆ ಕೊಂಬೆ ನಡುಗಿತು. ಆದರೆ ಮಾತು ತಾಯಿಗೆ ಹೇಳಿದ್ದು, ಗುರುವಿಗಲ್ಲ. ಶೇಷಾವಧಾನಿ ಉಸಿರು ಬಿಗಿಹಿಡಿದ. ಬ್ರಹ್ಮರಾಕ್ಷಸನಿಗೆ ಉಸಿರಿಲ್ಲ, ಆದರೂ ಹಿಡಿದ.

“ಅದನ್ನ ಗುರುಗಳಿಗೆ ಹೇಳೋಕೇನು ದಾಡಿ?”

“ನನ್ನ ಮುಖ ನೋಡಿದರೆ ಅವರಿಗೇ ಗೊತ್ತಾಗಲ್ವಾ? ಹೇಳಿ ಅವರ ಮನಸ್ಸು ನೋಯಿಸಲಾ?”

“ದೆವ್ವಾನೇ ಆಗಲಿ, ಗುರುವೇ ಆಗಲಿ, ಬಾಯಿಬಿಟ್ಟು ಹೇಳದೆ ಯಾರಿಗೆ ಗೊತ್ತಾಗುತ್ತೆ? ಕೈಮುಗಿದು ಹೇಳೋ.”

ಸಣ್ಣೀರ ಕೈಮುಗಿದ. “ಗುರುಗಳೇ, ತಪ್ಪು ತಿಳೀಬೇಡಿ. ತಿಳೀಲಿಲ್ಲ.”

“ಯಾವುದಪ್ಪ?”

“ಮೊದಲನೇ ದಿನದಿಂದ.”

ಹಳೆಯ ಸಿಟ್ಟು ಮೂಗಿನ ತುದಿಗೆ ಬಂತು. ಹುಬ್ಬು ಏರತೊಡಗಿತು. ಶೇಷಾವಧಾನಿ ಎರಡೂ ಕೈಯಿಂದ ಹುಬ್ಬನ್ನು ಒತ್ತಿ ಹಿಡಿದು, ಶಾರದೆಯನ್ನು ನೆನೆದು, ಮೆಲ್ಲಗೆ ಹೇಳಿದ. “ನಿಮ್ಮ ಮನೆಯ ಮಾಡಿನ ಮೇಲೆ ಹೊಗೆ ಕಂಡರೆ ಏನು ತಿಳೀತೀಯ, ಮಗು?”

“ಒಲೆ ಉರೀತಿದೆ ಅಂತ.”

“ಒಲೆಯನ್ನು ಕಂಡೆಯಾ?”

“ಇಲ್ಲ. ಹೊಗೆ ಕಂಡೆನಲ್ಲ.”

“ಅಷ್ಟೇ ಕಣಪ್ಪ ತರ್ಕ. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು.”

ಸಣ್ಣೀರನ ಮುಖ ಅರಳಿತು. ಊರಿನ ಕಡೆ ನೋಡಿದ. “ಹಾಗಾದರೆ ಗುರುಗಳೇ, ಈಗಲೂ ನಮ್ಮ ಮನೆ ಮೇಲೆ ಹೊಗೆ ಇದೆ, ಕರ್ರಗಿದೆ. ಒಲೆ ಉರೀತಿದೆ. ಅವ್ವ ಇಲ್ಲಿದ್ದಾಳೆ. ಅಂದಮೇಲೆ ಸಾರು—”

“ಸೀದುಹೋಯ್ತಲ್ಲೋ, ಮಂಕೆ!” ಅಂತ ಪುಟ್ಟೀರಮ್ಮ ಓಟಕಿತ್ತಳು.

ಶೇಷಾವಧಾನಿ ಹೊಟ್ಟೆ ಹಿಡಿದು ನಕ್ಕ. ನಗುತ್ತ ನಗುತ್ತ ಕಾಲು ಕೊಂಬೆಯಿಂದ ಕಳಚಿತು. ದೊಪ್ಪನೆ ಬಿದ್ದ, ಎದ್ದು ನೆಟ್ಟಗೆ ನಿಂತ, ಶಿಷ್ಯನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ, ತಲೆ ಮುಟ್ಟಿ ಹರಸಿ, ಬೆಳಕಾಗಿ ತಾಯಿ ಶಾರದೆಯ ಪಾದ ಸೇರಿದನಂತೆ.

ಮುಂದೆ ಸಣ್ಣೀರ ಅದೇ ಮರದ ಕೆಳಗೆ ಮಕ್ಕಳಿಗೆ ಪಾಠ ಹೇಳಿದ. ‘ತಿಳಿಯಲಿಲ್ಲ’ ಅಂದವರಿಗೆ ಮೊದಲು ಒಂದು ಚೂರು ಬೆಲ್ಲ, ಆಮೇಲೆ ಉತ್ತರ ಕೊಡುತ್ತಿದ್ದನಂತೆ.

ಗುರು ಮೇಲಕ್ಕೆ, ತಾಯಿ ಮಗ ಊರೊಳಗೆ, ಸೀದ ಸಾರು ಎತ್ತಿಗೆ. ಆ ಶಾರದೆ ನಮ್ಮನ್ನೆಲ್ಲ ಕಾಯಲಿ. ಕಥೆ ತಿಳಿಯದವರು ಸಂಕೋಚವಿಲ್ಲದೆ ಹೇಳಿ, ಬೆಲ್ಲ ಮಡಿಲಲ್ಲಿದೆ.