ಸಾಹುಕಾರರ ಬುತ್ತಿ

ಎಂದಿನಂಥದ್ದೇ ಒಂದು ಸೋಮವಾರ. ಆಸ್ಪತ್ರೆಯವರು ರೋಗಿಗಳ ಊಟವನ್ನು, ನಾನು ದಿನಾ ಉಣ್ಣುತ್ತಿದ್ದ ನೀಲವ್ವನ ಖಾನಾವಳಿಗೆ ಇಂಟರ್‌ನೆಟ್‌ನಲ್ಲೇ ಹೇಳಿಕಳಿಸುತ್ತಿದ್ದರು. ಅವಳ ಲ್ಯಾಪ್‌ಟಾಪಿಗೆ ಹಾಕಿಸಿದ ಹೊಸ ವೈರ್‌ಲೆಸ್ ಕಾರ್ಡ್ ಸಿಗ್ನಲ್ಲನ್ನೇ ಹಿಡಿಯದೆ, ಆ ಗಿರಾಕಿ ಕೈತಪ್ಪುವಂತಾಗಿತ್ತು.

ಕಾರ್ಡ್ ಮಾರಿದ ಮುರಿಗೆಪ್ಪ ಸಾಹುಕಾರರು ಬದಲಿ ಕೊಡಲು ಒಪ್ಪಲಿಲ್ಲ. “ಕಾರ್ಡ್ ಬಂಗಾರದಂಗ ಐತಿ. ನಿನಗ ನಡಸಾಕ ಬರೂದಿಲ್ಲ,” ಎಂದು ಗದರಿದರು.

“ಚಲೋ ಆತ್ರಿ ಸಾವ್ಕಾರ್ರ. ಇವತ್ತಿಂದ ನಿಮ್ಮ ಬುತ್ತಿನೂ ನನ್ನ ಲ್ಯಾಪ್‌ಟಾಪಿಗೇ ಹೇಳಿಕಳಸ್ರಿ. ಬಂದ ಕೂಡ್ಲೆ ಬಿಸಿ ರೊಟ್ಟಿ ಕಳಸ್ತೀನಿ,” ಎಂದಳು ನೀಲವ್ವ.

ಸಾಹುಕಾರರು ಮೀಸೆ ತಿರುವಿ ಒಪ್ಪಿದರು.

ಮಧ್ಯಾಹ್ನ ಮೂರಕ್ಕೆ ಅವರೇ ಬೆವರುತ್ತ ಬಂದರು. “ಏನವಾ, ಎಷ್ಟು ಸಲ ಹೇಳಿಕಳಸ್ಲಿ? ಬುತ್ತಿ ಎಲ್ಲಿ?”

ನೀಲವ್ವ ಖಾಲಿ ಪರದೆಯನ್ನು ಅವರತ್ತ ತಿರುಗಿಸಿದಳು. “ಕಾರ್ಡ್ ಬಂಗಾರದಂಗ ಐತಲ್ರಿ. ಇವತ್ತ ನಿಮಗ ಹಸಿವಾಗಿಲ್ಲ ಅಂತ ತಿಳಕೊಂಡೆ.”

ಉಣ್ಣುತ್ತಿದ್ದ ನಮ್ಮೆಲ್ಲರ ಕೈಗಳು ತಟ್ಟೆಯಲ್ಲೇ ನಿಂತವು. ಸಾಹುಕಾರರಿಗೆ ಎದುರಾಡಿದವರನ್ನು ಆ ಊರಿನಲ್ಲಿ ನಾನು ಕಂಡಿರಲಿಲ್ಲ. ಅವಳು ದನಿಯನ್ನೂ ಏರಿಸಿರಲಿಲ್ಲ.

ಸಾಹುಕಾರರು ಪರದೆ ನೋಡಿ, ನಮ್ಮ ಪಕ್ಕದಲ್ಲೇ ಊಟಕ್ಕೆ ಕೂತರು. “ರೊಟ್ಟಿ ಹಾಕವಾ. ಉಂಡು, ಬ್ಯಾರೆ ಕಾರ್ಡ್ ನಾನೇ ತಂದು ಕೂಡಸ್ತೀನಿ,” ಎಂದರು. ಹಾಗೆಯೇ ಮಾಡಿದರು.

ಸಂಜೆ ಆಸ್ಪತ್ರೆಯಿಂದ ಇಬ್ಬರಿಗೆ ಗಂಜಿ ಬೇಕೆಂದು ಅದೇ ಪರದೆಯ ಮೇಲೆ ಬಂತು.