ಹುಲಿ ಮುದ್ರೆ ಕೆಳಗಿನ ಗಿಳಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟೇ ಇರಲಿಲ್ಲ ಕಣೇ ಆಗ, ಒಂದು ಕೋಟೆ ಊರಲ್ಲಿ ಒಬ್ಬ ರಾಜ ಇದ್ದನಂತೆ. ಅವನಿಗೆ ಹಳೇ ನಾಣ್ಯ ಕೂಡಿಡೋ ಹುಚ್ಚು. ಆ ಸೀಮೆ ಆಳಿದವರದ್ದೆಲ್ಲ ಒಂದೊಂದು ನಾಣ್ಯ ಬೇಕು ಅಂತ ಬೀಟೆ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಸಾಲಾಗಿ ಗುಳಿ ತೋಡಿಸಿದ್ದನಂತೆ. ಎಲ್ಲ ಗುಳೀನೂ ತುಂಬಿತ್ತು, ಒಂದೇ ಒಂದು ಖಾಲಿ. ಅದು ಅವನ ಮುತ್ತಜ್ಜಿ ಗಿರಿಯಾಜಮ್ಮಂದು. ಆಯಮ್ಮ ಮೂರೇ ತಿಂಗಳು ಪಟ್ಟದಲ್ಲಿ ಕೂತಿದ್ದಳಂತೆ, ಆಮೇಲೆ ಮೈದುನ ಬಂದು ಅವಳನ್ನ ಓಡಿಸಿ, ಹೆಸರೂ ಉಳೀಬಾರದು ಅಂತ ಕಲ್ಲಿನ ಮೇಲೆ ಬರೆದಿದ್ದನ್ನೆಲ್ಲ ಒಡೆಸಿ, ನಾಣ್ಯ ಎಲ್ಲ ವಾಪಸ್ ತರಿಸಿಕೊಂಡನಂತೆ. ಅಂಥ ರಾಣಿ ಇದ್ದಿದ್ದೇ ಸುಳ್ಳು ಅಂತ ಜನ ನಗೋರಂತೆ. ರಾಜನಿಗೆ ಅದೇ ಸಂಕಟ.

ಅರಮನೇಲಿ ನಾಣ್ಯ ಪರೀಕ್ಷೆ ಮಾಡೋ ಚಿನಿವಾರ ಮರುಳಪ್ಪ. ಪಾಪ, ವಯಸ್ಸಾಗಿ ಎರಡೂ ಕಣ್ಣು ಹೋಯ್ತಂತೆ. ಆಗ ಪರವೂರಿನ ಚಿನಿವಾರ ಒಬ್ಬ ರಾಜನ ಹತ್ರ ಬಂದು, ಕುರುಡನಿಗೆ ಈ ಕೆಲಸ ಯಾಕೆ ಬುದ್ಧಿ, ಅರಮನೆ ಕೊಟ್ಟಿರೋ ಮನೇನೂ ಬಿಡಿಸಿ ಎರಡನ್ನೂ ನನಗೆ ಕೊಡಿ ಅಂದನಂತೆ. ಮರುಳಪ್ಪ ಕೈಮುಗಿದು, ನನ್ನ ವಿದ್ಯೆ ನನ್ನ ಮೂರು ಹೆಣ್ಣುಮಕ್ಕಳ ಹತ್ರ ಇದೆ ಸ್ವಾಮಿ ಅಂದನಂತೆ. ಇತ್ತು ನಿಜ, ಆದ್ರೆ ಪೂರ್ತಿ ಯಾರಿಗೂ ಇರಲಿಲ್ಲ. ದೊಡ್ಡವಳು ಶಿವನಂಜಿಗೆ ಕಿವಿ ಚುರುಕು, ನಡುವಿನವಳು ಮಾದೇವಿಗೆ ಕೈ ಚುರುಕು, ಸಣ್ಣವಳು ಸಾವಂತ್ರಿಗೆ ಕಣ್ಣು. ರಾಜ ಹೇಳಿದನಂತೆ, ರಾಣಿ ನಾಣ್ಯ ಅಂತ ಮೂರು ಬಂದಿವೆ, ಒಂದು ತಪ್ಪು ಹೇಳಿದ್ರೂ ನೀವು ಮನೆ ಬಿಡಬೇಕು.

ಮೊದಲನೇದು ಚಿನ್ನದ್ದು, ಥಳಥಳ ಅಂತಿತ್ತಂತೆ. ಪರವೂರಿನವನು ನೋಡಿದ ತಕ್ಷಣ ಇದೇ ಅಂದ. ಶಿವನಂಜಿ ಅದನ್ನ ಕಲ್ಲಿನ ಮೇಲೆ ಬಿಟ್ಟು ನೋಡಿದಳಂತೆ. ಠಣ್ ಅನ್ನಬೇಕಾದ್ದು ಟಪ್ ಅಂತಂತೆ. ಒಳಗೆ ಸೀಸ ಇದೆ ಅಂದಳು, ಕತ್ತರಿಸಿದ್ರೆ ಸೀಸವೇ!

ಆಮೇಲೆ ಎರಡನೇದು. ಅದು ಠಣ್ ಅಂತು. ಪರವೂರಿನವನು ಹಾಗಾದ್ರೆ ಇದೇ ಅಂದ. ಮಾದೇವಿ ಒಂದು ಅಂಗೈಲಿ ಅದನ್ನ, ಇನ್ನೊಂದರಲ್ಲಿ ಅರಮನೆ ಟಂಕಸಾಲೇಲಿ ಸುತ್ತಿಗೆಯಿಂದ ಹೊಡೆದ ಹಳೇ ನಾಣ್ಯ ಇಟ್ಟುಕೊಂಡು, ಇದು ಹಗುರ ಅಂದಳಂತೆ. ತಕ್ಕಡೀಲಿಟ್ಟರೆ ಎರಡು ಗುಲಗಂಜಿ ಕಮ್ಮಿ. ಅಂಚು ಸವರಿ ನೋಡಿದ್ರೆ ಸುತ್ತಲೂ ಕೂದಲೆಳೆಯಂಥ ಗೆರೆ. ಇದು ಸುತ್ತಿಗೇಲಿ ಹೊಡೆದದ್ದಲ್ಲ, ಎರಕ ಹೊಯ್ದ ಕಳ್ಳ ನಾಣ್ಯ ಅಂದಳಂತೆ.

ಮಲಗಿದ್ಯಾ? ಇಲ್ವಾ? ಸರಿ ಕೇಳು. ಮೂರನೇದು ತಾಮ್ರದ್ದು, ಕಪ್ಪಗೆ, ಸೊಟ್ಟ. ಮೇಲೆ ಆ ಮೈದುನನ ಹುಲಿ ಮುದ್ರೆ. ಪರವೂರಿನವನು ನಕ್ಕು, ಇಂಥದ್ದು ಬೀದಿ ತುಂಬ ಸಿಗತ್ತೆ, ತೊಳೆದು ತೋರಿಸ್ತೀನಿ ಅಂತ ಹುಣಸೆಹಣ್ಣು ತಗೊಂಡನಂತೆ. ಸಾವಂತ್ರಿ ಓಡಿಬಂದು ಅವನ ಕೈ ಹಿಡಿದಳಂತೆ. ತಿಕ್ಕಬೇಡಿ ಅಣ್ಣಾ, ಆ ಕಪ್ಪಿನ ಜೊತೆ ಅಕ್ಷರಾನೂ ಹೋಗತ್ತೆ! ಕಿಟಕಿ ಹತ್ರ ಹೋಗಿ, ಓರೆ ಬಿಸಿಲಿಗೆ ಹಿಂಗೆ ವಾಲಿಸಿ, ಹಂಗೆ ವಾಲಿಸಿ ನೋಡಿದಳಂತೆ. ಹುಲಿ ಹೊಟ್ಟೆ ಕೆಳಗೆ ಇನ್ನೇನೋ ಇದೆ ಬುದ್ಧಿ, ಗಿಳಿ ಇದ್ದ ಹಾಗಿದೆ, ಪಕ್ಕದಲ್ಲಿ 'ರಿಯಾ' ಅಂತ ಇದೆ ಅಂದಳಂತೆ.

ರಾಜ ನೋಡಿದ, ಅವನಿಗೆ ಕಾಣಲಿಲ್ಲ. ಮಂತ್ರಿ ನೋಡಿದ, ಕಾಣಲಿಲ್ಲ. ಹುಡುಗಿ ಕನಸು ಕಾಣ್ತಿದ್ದಾಳೆ ಅಂತ ಪರವೂರಿನವನು ಅಂದಾಗ ಸಾವಂತ್ರಿ ಅಪ್ಪನ ಕಡೆ ತಿರುಗಿದಳಂತೆ, ನನ್ನಿಂದ ಅಕ್ಕಂದಿರ ಮನೆ ಹೋಯ್ತಲ್ಲಾ ಅಂತ. ಆಗ ಮರುಳಪ್ಪ, ಇಲ್ಲಿ ಕೊಡು ಮಗಳೇ ಅಂದನಂತೆ. ಬೆರಳ ತುದೀಲಿ ಮೆಲ್ಲಗೆ ಸವರಿದ, ನಿಲ್ಲಿಸಿದ, ಮತ್ತೆ ಸವರಿದ. ಕಾಣದ ಕಣ್ಣಲ್ಲಿ ನೀರು ಬಂತಂತೆ. ಕೊಕ್ಕು ಸಿಕ್ತು ಕಣವ್ವಾ ಅಂದನಂತೆ. ಆಮೇಲೆ ಜೇನುಮೇಣ ಬಿಸಿ ಮಾಡಿಸಿ ನಾಣ್ಯ ಅದಕ್ಕೆ ಒತ್ತಿ ಎತ್ತಿದ್ರೆ, ಹುಲಿ ಕೆಳಗೆ ಗಿಳಿ, ಗಿಳಿ ಪಕ್ಕ ರಾಣಿ ಹೆಸರಿನ ಎರಡಕ್ಷರ, ಉಲ್ಟಾ ಆಗಿದ್ರೂ ಎಲ್ಲರಿಗೂ ಕಾಣಿಸ್ತಂತೆ! ಆ ಮೈದುನ ಕರಗಿಸೋಕೂ ಪುರಸೊತ್ತಿಲ್ಲದೆ ರಾಣಿಯ ಗಿಳಿ ನಾಣ್ಯದ ಮೇಲೇ ತನ್ನ ಮುದ್ರೆ ಹೊಡೆಸಿದ್ದನಂತೆ.

ರಾಜ ಆ ನಾಣ್ಯಾನ ಎದೆಗೊತ್ತಿಕೊಂಡು, ಪೆಟ್ಟಿಗೆಯ ಖಾಲಿ ಗುಳೀಲಿ ಇಟ್ಟನಂತೆ. ಆಮೇಲೆ ಗಿರಿಯಾಜಮ್ಮನ ಹೆಸರು ಊರಲ್ಲೆಲ್ಲ ಡಂಗುರ ಸಾರಿಸಿದ. ಮೂವರು ಹೆಣ್ಣುಮಕ್ಕಳಿಗೂ ಸೇರಿ ಒಂದೇ ಕೆಲಸ ಕೊಟ್ಟು, ಮೂರು ಮಣೆ ಹಾಕಿಸಿದ. ಅಪ್ಪ ನಡುವೆ ಕೂತು ತಪ್ಪು ತಿದ್ದುತ್ತಾ ಇದ್ದನಂತೆ. ಒಬ್ಬಳು ಕೇಳೋಳು, ಒಬ್ಬಳು ತೂಗೋಳು, ಒಬ್ಬಳು ನೋಡೋಳು, ನಗುನಗ್ತಾ ಬಾಳಿದರಂತೆ. ಅಲ್ಲಿಗೆ ಅವರ ಕತೆ ಮುಗೀತು, ಹೊದಿಕೆ ಎಳ್ಕೋ ನನ್ನವ್ವಾ.